ಹೋರಿಯ ಪಾಲು

ಹೋರಿ ಬೆದರಿಸುವ ಹಬ್ಬದಲ್ಲಿ ಓಡುವ ಹೋರಿ ಗಾಳಿದೇವನ ಕೊರಳಿನ ಕೊಬ್ಬರಿ ಹಾರ ಕೀಳಲು ನುಗ್ಗಿದವರಲ್ಲಿ ಆ ವರ್ಷವೂ ಯಾರ ಕೈಯೂ ಅದಕ್ಕೆ ತಾಗಲಿಲ್ಲ. ಕಿಕ್ಕಿರಿದ ಜನರ ನಡುವಿನ ದಾರಿಯನ್ನು ಸೀಳಿಕೊಂಡು ಹೊರಬಿದ್ದ ಹೋರಿ, ನಿಲ್ಲಬೇಕಾದ ಜಾಗದಲ್ಲಿ ಮಾತ್ರ ನಿಲ್ಲಲಿಲ್ಲ. ಮೋಟೆಬೆನ್ನೂರಿನ ಮೆಣಸಿನಕಾಯಿ ಹೊಲಗಳನ್ನು ದಾಟಿ ಹೆದ್ದಾರಿಯ ಕಡೆಗೆ ಓಡಿತು.

ಅದನ್ನು ನಿಲ್ಲಿಸಬಲ್ಲ ಕೈ ಒಂದೇ. ಅದು ಕುಪ್ಪೇಲೂರಿನ ಅಂದಾನೆಪ್ಪನದು. ಕರುವಾಗಿದ್ದಾಗಿನಿಂದ ಅದನ್ನು ಸಾಕಿದವನು ಅವನು. ಬೇರೆಯವರು ಮೂಗುದಾರ ಮುಟ್ಟಿದರೆ ಗಾಳಿದೇವ ಕೊಂಬು ಬೀಸುತ್ತಿತ್ತು. ಆದರೆ ಅಂದಾನೆಪ್ಪ ಒಂದು ಹೊಲದ ಉದ್ದವೂ ಓಡಲಾರದೆ ಬದುವಿನ ಮೇಲೆ ಕುಸಿದು ಕೂತಿದ್ದ. ಹೋರಿ ಎರಡು ಲಾರಿಗಳ ನಡುವೆ ನುಗ್ಗಿ ಆಚೆ ಬದಿಗೆ ಜಿಗಿದದ್ದನ್ನು ಕೂತಲ್ಲಿಂದಲೇ ನೋಡಿದ. ಹಗ್ಗ ಹಾಕಲು ಹೋದ ಹುಡುಗರಿಂದ ತಪ್ಪಿಸಿಕೊಳ್ಳುವಾಗ ಅದರ ಹಿಂಗಾಲು ಬೇಲಿ ತಂತಿಗೆ ಸಿಕ್ಕು ಸೀಳಿತು. ಕುಂಟುತ್ತ ನಿಂತ ಮೇಲಷ್ಟೇ ಅದು ಅಂದಾನೆಪ್ಪನ ಕೈಗೆ ಸಿಕ್ಕಿತು.

ಮರಳುವಾಗ ಗಾಡಿ ನಡೆಸುತ್ತಿದ್ದವನು ಗೆಳೆಯ ಖಲಂದರ. ಅಂದಾನೆಪ್ಪ ಹಿಂದೆ ನಿಂತಿದ್ದ ಹೋರಿಯ ಕಡೆ ತಿರುಗಿ ನೋಡಿ ಹೇಳಿದ.

"ಮುಂದಿನ ಹಬ್ಬಕ್ಕ ಇದರ ಹಿಂದ ಓಡಾಕ ಆಗಲಿಲ್ಲಂದ್ರ, ಇದನ್ನ ಕೊಳ್ಳಾಕ ಕೇಳಿದ್ದ ಐರಣಿ ಮೈಲಾರೆಪ್ಪಗ ಕೊಟ್ಟಬಿಡ್ತೇನಿ. ನನ್ನ ಕಾಲಿನ ಸಲುವಾಗಿ ಅದು ಸಾಯೂದು ಬ್ಯಾಡ."

"ಕೊಡೂದಾದ್ರ ಜೋಡಿ ನಿನ್ನೂ ಕೊಡಬೇಕಾಕ್ಕೈತಿ," ಎಂದ ಖಲಂದರ. "ನೀ ಇಲ್ದ ಅದು ನೀರೂ ಕುಡಿಯೂದಿಲ್ಲ. ಆದ್ರ ಮೈಲಾರೆಪ್ಪನ ಕೊಟಗಿ ಬಾಗಲ ಸಣ್ಣದೈತಿ. ನೀ ಹಿಡಿಸೂದು ಕಷ್ಟ."

ಅಂದಾನೆಪ್ಪನಿಗೆ ನಗು ಬರಲಿಲ್ಲ. ಮರುದಿನವೇ ಹೆಂಡತಿ ನಿರ್ಮಲಾ ಅವನನ್ನು ರಾಣೇಬೆನ್ನೂರಿನ ಡಾಕ್ಟರ ಬಳಿ ಕರೆದೊಯ್ದಳು. ತೂಕ ನೂರಾ ಎಂಟು ಕಿಲೋ. ಬಿಪಿ ಹೆಚ್ಚಿತ್ತು, ಸಕ್ಕರೆ ಅಂಚಿಗೆ ಬಂದಿತ್ತು.

"ಏನ ಉಣ್ತೀರಿ?" ಎಂದು ಡಾಕ್ಟರು ಕೇಳಿದರು.

ಉತ್ತರ ಕೊಟ್ಟವಳು ನಿರ್ಮಲಾ. "ಮನೀದೂ ಉಣ್ತಾರ್ರಿ, ಹೋರೀದೂ ಉಣ್ತಾರ."

ಅದು ನಿಜವೇ ಆಗಿತ್ತು. ಹೋರಿಗೆ ಹಾಕುವುದನ್ನು ಹಾಕುವವನು ಮೊದಲು ತಿಂದು ನೋಡಬೇಕು ಎಂಬುದು ಅವನ ಅಪ್ಪನ ಕಾಲದ ಪದ್ಧತಿ. ಕೆಟ್ಟದ್ದೇನಾದರೂ ಇದ್ದರೆ ಮೊದಲು ಮನುಷ್ಯನಿಗೆ ತಿಳಿಯಲಿ ಎಂದು. ಅಪ್ಪ ಚಿಟಿಕೆಯಷ್ಟು ಬಾಯಿಗೆ ಹಾಕುತ್ತಿದ್ದ. ಅಂದಾನೆಪ್ಪನ ಕೈಯಲ್ಲಿ ಆ ಚಿಟಿಕೆ ಬೆಳೆಯುತ್ತ ಹೋಗಿ, ಬೆಲ್ಲ, ಕೊಬ್ಬರಿ, ಬಾದಾಮಿ, ತುಪ್ಪ ಹಾಕಿ ಕಟ್ಟಿದ ಉಂಡಿಗಳಲ್ಲಿ ಹೋರಿಗೊಂದು, ತನಗೊಂದು ಎಂಬಲ್ಲಿಗೆ ಬಂದು ನಿಂತಿತ್ತು.

"ವ್ಯಾಯಾಮ?"

"ಹೋರಿ ಮಾಡತೈತ್ರಿ. ಇವರು ಬೈಕ್ ಮ್ಯಾಲೆ ಕುಂತು ಬಾಜೂಕ ಹೊಕ್ಕಾರ."

"ಹೋರಿ ಆರೋಗ್ಯ ಹೆಂಗೈತಿ?"

"ಭಾಳ ಚಲೋ ಐತ್ರಿ," ಎಂದ ಅಂದಾನೆಪ್ಪ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಂಗಾರ ಉಂಡಿ ಅದಕ್ಕ ಬಿಡ್ರಿ. ಓಟದಾಗ ಪಾಲು ತಗೋರಿ. ಈಗ ಓಡಬ್ಯಾಡ್ರಿ, ಮಂಡಿ ತಾಳೂದಿಲ್ಲ. ಮೊದಲ ನಡೀರಿ."

ಬೈಕು ಪಡಸಾಲೆಯ ಮೂಲೆ ಸೇರಿತು. ಅಂದಾನೆಪ್ಪ ಬೆಳಗಿನ ತಂಪಿನಲ್ಲಿ ಹಗ್ಗ ಹಿಡಿದು ನಡೆದ. ಗಾಯ ಮಾಯುತ್ತಿದ್ದ ಹೋರಿಗೂ ಆಗ ನಡಿಗೆಯೇ ಬೇಕಿತ್ತು. ಕುಂಟುವ ಎರಡು ಜೀವಗಳು ಕಾಲುವೆ ದಂಡೆಯ ಮೇಲೆ ಹೋಗುತ್ತಿದ್ದರೆ, ಎಮ್ಮೆ ಹೊಡೆದುಕೊಂಡು ಎದುರು ಬಂದ ಸುಶೀಲವ್ವ, "ಯಾರ ಯಾರನ್ನ ಮೇಸಾಕ ಒಯ್ಯಾಕತ್ತೀರಪಾ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದಳು.

ನಿರ್ಮಲಾ ತಾಟಿನಿಂದ ಯಾವುದನ್ನೂ ಪೂರ್ತಿ ತೆಗೆಯಲಿಲ್ಲ. ನಾಲ್ಕು ರೊಟ್ಟಿ ಎರಡಾದವು. ಅನ್ನದ ಗುಡ್ಡ ಕರಗಿ, ಆ ಜಾಗಕ್ಕೆ ಮೊಳಕೆ ಹೆಸರುಕಾಳು, ಹಕ್ಕರಕಿ ಸೊಪ್ಪು, ಸೌತೆಕಾಯಿ ಬಂದವು. ಸಂಜೆಯ ಮಿರ್ಚಿ ಭಜಿ ವಾರದ ಸಂತೆಗೆ ಮಾತ್ರ ಉಳಿಯಿತು. ಉಂಡಿಯ ಪದ್ಧತಿಯನ್ನು ಅವನು ಬಿಡಲಿಲ್ಲ. ಅದನ್ನು ಅಪ್ಪನ ಚಿಟಿಕೆಗೆ ತಿರುಗಿಸಿದ. ಮೊದಲ ತಿಂಗಳು ಹೋರಿಯ ಬಾಯಿ ಆಡುವುದನ್ನು ನೋಡುತ್ತ ನಿಂತವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಅವನನ್ನು ನಿಜಕ್ಕೂ ಬೆರಗುಗೊಳಿಸಿದ್ದು ಬೇರೆಯೇ ಒಂದು ಸಂಗತಿ. ದಿಬ್ಬ ಹತ್ತಿ ನಿಂತಾಗ ಅವನು ಹೋರಿಯ ಮುಂಗಾಲಿನ ಹಿಂದೆ, ಎದೆಗೆ ಅಂಗೈ ಇಡುತ್ತಿದ್ದ. ಒಳಗೆ ಡೊಳ್ಳಿನಂತೆ ಬಡಿಯುತ್ತಿದ್ದ ಗುಂಡಿಗೆ ನೋಡನೋಡುತ್ತ ನಿಧಾನಕ್ಕೆ ಬರುತ್ತಿತ್ತು, ಯಾರೋ ಒಳಗೆ ಕೂತು ಸಮಾಧಾನ ಹೇಳಿದ ಹಾಗೆ. ಇನ್ನೊಂದು ಅಂಗೈ ತನ್ನ ಎದೆಯ ಮೇಲಿಟ್ಟರೆ ಅಲ್ಲಿ ಗದ್ದಲ ಮುಗಿಯುತ್ತಲೇ ಇರಲಿಲ್ಲ. ಇಷ್ಟು ವರ್ಷ ಈ ಹೋರಿಯ ಕೊಂಬು, ಭುಜ, ಬಣ್ಣ ಹೊಗಳಿದ್ದ. ಒಳಗಿನ ಈ ಕೆಲಸಗಾರನನ್ನು ಒಮ್ಮೆಯೂ ಮಾತಾಡಿಸಿರಲಿಲ್ಲ. ತನ್ನೊಳಗಿನವನನ್ನಂತೂ ಮೊದಲೇ ಇಲ್ಲ.

ಬೇಸಿಗೆಯಲ್ಲಿ ಖಲಂದರ ಇಬ್ಬರನ್ನೂ ಐರಣಿಗೆ, ತುಂಗಭದ್ರೆಗೆ ಒಯ್ದ. ಹಿಂದೆಲ್ಲ ಹೋರಿ ಈಜುವಾಗ ಅಂದಾನೆಪ್ಪ ದಂಡೆಯ ಮೇಲೆ ಚುರುಮುರಿ ತಿನ್ನುತ್ತಿದ್ದ. ಈ ಸಲ ಹಗ್ಗ ಹಿಡಿದು ತಾನೂ ನೀರಿಗಿಳಿದ. ಕಾಲ ಕೆಳಗಿನ ಮರಳು ಜಾರಿತು; ಮಂಡಿಯ ನೋವು ಇದ್ದಕ್ಕಿದ್ದಂತೆ ಇಲ್ಲವಾಯಿತು. ಪಕ್ಕದಲ್ಲಿ ಅಷ್ಟು ದೊಡ್ಡ ಪ್ರಾಣಿ, ಬರೀ ಮೂಗು ಮತ್ತು ಕೊಂಬು ಮೇಲಿಟ್ಟು, ಸದ್ದಿಲ್ಲದೆ ತೇಲುತ್ತಿತ್ತು. ಅದರ ಬಿಸಿ ಉಸಿರು ಅವನ ಕಿವಿಗೆ ತಾಗುತ್ತಿತ್ತು. ಬಾಲ್ಯದ ನಂತರ ಮೊದಲ ಸಲ ಅವನ ಮೈ ಅವನಿಗೆ ಭಾರವೆನಿಸಲಿಲ್ಲ. ದಂಡೆಗೆ ಬಂದ ಮೇಲೂ ಹೋರಿಯ ಒದ್ದೆ ಬೆನ್ನಿನಿಂದ ಕೈ ತೆಗೆಯಲಿಲ್ಲ.

"ಏನಾತೋ?" ಎಂದ ಖಲಂದರ.

"ಏನಿಲ್ಲ. ಇದರೊಳಗ ಇಷ್ಟು ಐತಿ ಅಂತ ಗೊತ್ತಿರಲಿಲ್ಲ."

ಹೋರಿಯ ಮೈಯೋ ತನ್ನ ಮೈಯೋ, ಅವನು ಬಿಡಿಸಿ ಹೇಳಲಿಲ್ಲ.

ಮಳೆಗಾಲದಲ್ಲಿ ತೂಕ ತಿಂಗಳುಗಟ್ಟಲೆ ಒಂದೇ ಕಡೆ ನಿಂತುಬಿಟ್ಟಿತು. ಅವನು ನಡಿಗೆ ಬಿಡಲಿಲ್ಲ. ಜೋಳದ ಹೊಲಗಳು ಎತ್ತರಕ್ಕೆ ಬೆಳೆದಾಗ ಡಾಕ್ಟರು ಓಡಲು ಒಪ್ಪಿದರು. ದೀಪಾವಳಿಗೆ ತೂಕ ಎಂಬತ್ತೊಂಬತ್ತಕ್ಕೆ ಇಳಿದಿತ್ತು.

ಹಬ್ಬದ ದಿನ ಅಖಾಡದ ತುದಿಯಲ್ಲಿ ಅವನು ಚಪ್ಪಲಿ ಬಿಟ್ಟು ನಿಂತ. ಗಾಳಿದೇವ ಬಂದ ರಭಸಕ್ಕೆ ಜನ ಎರಡೂ ಕಡೆ ಚದುರಿದರು. ಹಾರದ ಒಂದು ಕೊಬ್ಬರಿಯೂ ಕದಲಿರಲಿಲ್ಲ. ಹೋರಿ ಅವನನ್ನೂ ದಾಟಿ ಅದೇ ಹೊಲಗಳತ್ತ ತಿರುಗಿತು. ದೂರದಲ್ಲಿ ಲಾರಿಗಳ ಸದ್ದು.

ಅಂದಾನೆಪ್ಪ ಓಡಿದ. ಹೋದ ವರ್ಷ ತಾನು ಕುಸಿದು ಕೂತಿದ್ದ ಬದು ಎದುರಾಯಿತು, ಹಿಂದೆ ಬಿತ್ತು. ಉಸಿರು ಕಟ್ಟಲಿಲ್ಲ. ಹೆದ್ದಾರಿಗೆ ಒಂದೇ ಹೊಲ ಉಳಿದಿರುವಾಗ ಕೂಗಿದ, "ಗಾಳ್ಯಾ, ನಿಂದ್ರೋ." ಕೂಗಲು ಉಸಿರು ಉಳಿದಿತ್ತು.

ಹೋರಿ ಕಿವಿ ತಿರುಗಿಸಿತು. ದಿನಾ ಬೆಳಿಗ್ಗೆ ತನ್ನ ಬೆನ್ನ ಹಿಂದೆ ಕೇಳುತ್ತಿದ್ದ ಹೆಜ್ಜೆ ಅದು. ಮೆಣಸಿನ ಸಾಲಿನ ನಡುವೆ ನಿಂತುಬಿಟ್ಟಿತು.

ಖಲಂದರ ಏದುಸಿರು ಬಿಡುತ್ತ ಬಂದಾಗ ಅಂದಾನೆಪ್ಪನ ಒಂದು ಅಂಗೈ ಹೋರಿಯ ಎದೆಯ ಮೇಲಿತ್ತು, ಇನ್ನೊಂದು ತನ್ನ ಎದೆಯ ಮೇಲೆ.

"ಹೋರಿ ಹಿಡಿಯೂದ ಸಸಾರ ಆತು," ಎಂದ ಖಲಂದರ, ಬದುವಿನ ಮೇಲೆ ಕೂರುತ್ತ. "ನಿನ್ನ ಹಿಡಿಯೂದ ಆಗವಲ್ದು. ಮೈಲಾರೆಪ್ಪಗ ಏನ ಹೇಳ್ಲಿ?"

"ತಡಿ," ಎಂದ ಅಂದಾನೆಪ್ಪ. ಎರಡು ಅಂಗೈಗಳ ಕೆಳಗೂ ಬಡಿತ ಇಳಿಯುತ್ತಿತ್ತು. ಮೊದಲು ಹೋರಿಯದು, ಅದರ ಹಿಂದೆಯೇ, ತುಸು ತಡವಾಗಿ, ಅವನದು. ಅವನು ಅದನ್ನು ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಸೊಂಟದ ವಸ್ತ್ರದಿಂದ ಉಂಡಿ ತೆಗೆದು, ಉಗುರಿನಷ್ಟು ಮುರಿದು ತನ್ನ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಗಾಳಿದೇವನ ಮುಂದೆ ಹಿಡಿದ.

"ಇಲ್ಲೇ ಇರತೈತಿ ಅಂತ ಹೇಳು."