ಹನ್ನೆರಡನೆಯ ಮೂಟೆ

ನೆಂಟರೆಲ್ಲ ಹೋದ ಮರುದಿನ ಅವಳು ಎಂದಿನಂತೆ ಏಳಕ್ಕೆ ಎದ್ದಳು. ಗಂಡನನ್ನು ಮಣ್ಣು ಮಾಡಿ ಆರು ದಿನವಾಗಿತ್ತು. ಕಿಟಕಿಯಿಲ್ಲದ ಬಚ್ಚಲಿನ ಗೂಡಿನಲ್ಲಿದ್ದ ಮೋಂಬತ್ತಿ ಹಚ್ಚಿಕೊಂಡು ಸ್ನಾನ ಮಾಡಿದಳು. ಅದನ್ನು ಅಲ್ಲಿ ಯಾರಿಟ್ಟರೋ, ಯಾಕಿಟ್ಟರೋ. ಈ ವಾರ ಅವಳು ಯಾರನ್ನೂ ಏನೂ ಕೇಳಿರಲಿಲ್ಲ. ಉಣ್ಣು ಅಂದಾಗ ಉಂಡಿದ್ದಳು, ಮಲಗು ಅಂದಾಗ ಮಲಗಿದ್ದಳು. ಅಳು ಮಾತ್ರ ಬಂದಿರಲಿಲ್ಲ.

ಒಂದೇ ಪ್ರಶ್ನೆ ತಲೆ ತಿನ್ನುತ್ತಿತ್ತು. ಆ ಸಂಜೆ ಅವನನ್ನು ಅಂಗಡಿಗೆ ಅಟ್ಟಿದ್ದು ಅವಳೇ. ದಾರಿಯಲ್ಲೇ ಎದೆ ಹಿಡಿದುಕೊಂಡು ಕುಸಿದ. ಏನು ತರಲು ಕಳಿಸಿದ್ದೆ? ಎಷ್ಟು ತಲೆ ಕೆರೆದುಕೊಂಡರೂ ಹೊಳೆಯದು. ಗದರಿದ್ದು ಮಾತ್ರ ಅಕ್ಷರ ಬಿಡದೆ ನೆನಪಿತ್ತು.

“ಚೀಟಿ ಬರ್ಕೊ. ಈ ಸಲ ಮರೆತು ಬಂದ್ರೆ ಬಾಗಿಲೇ ತೆಗೆಯಲ್ಲ ನೋಡು.”

“ಬರ್ಕೊಂಡಿದೀನಿ, ಬರ್ಕೊಂಡಿದೀನಿ!”

ಜೇಬಿನಲ್ಲಿ ಚೀಟಿಯೇ ಇರಲಿಲ್ಲ.

ಹತ್ತು ಗಂಟೆಗೆ ಗಡಿಯಾರ ರಿಪೇರಿಯ ಮಾಮನ ಫೋನು ಬಂತು.

“ಅದೇನಮ್ಮ, ತಲೆಗೆ ಕಟ್ಕೊಳ್ಳೋ ಭೂತಗನ್ನಡಿ... ಅವನು ತಗೊಂಡು ಹೋಗಿದ್ದ. ಅವಸರ ಏನಿಲ್ಲ. ಎರಡು ಲೇಡೀಸ್ ವಾಚು ಕೂತಿವೆ, ಕೂತಿರ್ಲಿ ಬಿಡು.”

ಭೂತಗನ್ನಡಿ ಅವನ ಮೇಜಿನ ಮೇಲಿತ್ತು. ಪಕ್ಕದಲ್ಲಿ ಹೆಬ್ಬೆರಳಿನಷ್ಟೂ ಎತ್ತರವಿಲ್ಲದ ಹನ್ನೆರಡು ಮಂದಿ ಸೀಸದ ಹಮಾಲರು, ಬೆನ್ನ ಮೇಲೆ ಮೂಟೆ ಹೊತ್ತು ನಿಂತಿದ್ದರು. ಭಾನುವಾರಗಳಂದು ಅವನೂ ಮಾಮನೂ ಹಳೆಯ ಕಾಲದ ಯುದ್ಧಗಳನ್ನು ಮೇಜಿನ ಮೇಲೆ ಆಡುತ್ತಿದ್ದರು. ದಾಳ ಹಾಕಿ, ಅಳತೆಯ ಟೇಪು ಹಿಡಿದು, ಸೀಸದ ಸೈನ್ಯವನ್ನು ಗೇಣು ಗೇಣಾಗಿ ನಡೆಸುವ ಆಟ. ಕುದುರೆ, ಸೇನಾಪತಿಗಳಿಗೆ ಮಾಮ ಬಣ್ಣ ಹಚ್ಚಿದರೆ, ಇವನು ಕೇಳಿ ಪಡೆದದ್ದು ಹಮಾಲರನ್ನು.

“ಎಲ್ಲರೂ ಕತ್ತಿ ಹಿಡಿದ್ರೆ ಊಟ ಹೊರೋರ್ಯಾರು?” ಎನ್ನುತ್ತಿದ್ದ.

“ಮನೆಗೊಂದು ಸೋಪು ಹೊತ್ತು ತರೋಕೆ ಆಗಲ್ಲ, ಬಂದ್ಬಿಟ್ಟ!” ಎನ್ನುತ್ತಿದ್ದಳು ಅವಳು.

ಹಮಾಲರನ್ನೂ ಭೂತಗನ್ನಡಿಯನ್ನೂ ಬಿಸ್ಕತ್ತಿನ ಡಬ್ಬಿಗೆ ಹಾಕಿಕೊಂಡು ಹೊರಟಳು.

ಗಡಿಯಾರದ ಅಂಗಡಿಯಲ್ಲಿ ಮಾಮ ಡಬ್ಬಿ ಬಿಚ್ಚಿದರು. ಭೂತಗನ್ನಡಿ ತಲೆಗೇರಿಸಿದರು. ಪಟ್ಟಿ ಬಿಗಿಯಾಗಿ ಹಣೆ ಕಚ್ಚಿತು.

“ನಿಮ್ಮ ತಲೆ ದೊಡ್ಡದು, ಒಳಗೇನಿಲ್ಲ ಅಂತಿದ್ದ, ಕಳ್ಳ,” ಎಂದವರು ಒಬ್ಬ ಹಮಾಲನನ್ನೆತ್ತಿ ಬೆಳಕಿಗೆ ಹಿಡಿದರು.

“ಅರೆ, ಮೂಟೆ ಮೇಲೆ ಏನೋ ಬರೆದಿದಾನೆ! ಅಕ್ಕಿ, ಗೋಧಿ ಅಂತಿರ್ಬೇಕು... ಸೋ... ಸೋಪು?” ಮತ್ತೊಂದನ್ನೆತ್ತಿದರು. “ಸೂಜಿ. ಇದು ಟೂತ್‌ಪೇಸ್ಟು. ಬೆಂಕಿಪೊಟ್ಟಣ. ಯಾವ ಸೈನ್ಯಕ್ಕಮ್ಮ ಇದು?”

ಅವಳ ಸೈನ್ಯಕ್ಕೆ. ಅಂಗಡಿಗೆ ಹೋದವನು ಮರೆತು ಬರಿಗೈಲಿ ಬಂದ ಸಾಮಾನುಗಳೇ ಎಲ್ಲ. ಚೀಟಿ ಬರೆದುಕೊಳ್ಳುತ್ತಿದ್ದುದು ನಿಜ. ಮೂಟೆಯ ಮೇಲೆ ಬರೆದುಕೊಂಡು, ಮೇಜಿನ ಮೇಲೆ ಒಣಗಲು ಬಿಟ್ಟು ಹೋಗುತ್ತಿದ್ದ.

“ಕೊನೇದು ಯಾವುದು? ಇನ್ನೂ ವಾರ್ನಿಶ್ ಹಚ್ಚದೇ ಇರೋದು?” ಎಂದಳು ಅವಳು.

“ಇದು...”

“ಕೊಡಿ ಇಲ್ಲಿ ಮಾಮ.”

ಭೂತಗನ್ನಡಿಯನ್ನು ತಾನೇ ಕಟ್ಟಿಕೊಂಡಳು. ಬಾಗಿದ ಬೆನ್ನು, ಅದರ ಮೇಲೆ ಮೂಟೆ. ಮೂಟೆಯ ಅಂಚಿನಲ್ಲಿ, ಹಸಿ ಬಣ್ಣಕ್ಕೆ ತಾಗಿದ ಅವನ ಬೆರಳಿನ ಗೆರೆಗಳು. ನಡುವೆ ಎರಡಕ್ಷರ: ಬಲ್ಬು.

“ಬಚ್ಚಲದು,” ಎಂದಳು. “ಬಚ್ಚಲಿನ ಬಲ್ಬು ಹೋಗಿತ್ತು.”

ಗಾಜು ಮಂಜಾಯಿತು. ಮಾಮ ಬೆನ್ನು ತಿರುಗಿಸಿ, ಗೋಡೆಯ ಮೇಲೆ ಸರಿಯಾಗಿಯೇ ಇದ್ದ ಗಡಿಯಾರಕ್ಕೆ ಕೀ ಕೊಡತೊಡಗಿದರು. ಬಹಳ ಹೊತ್ತು ಕೊಟ್ಟರು.

“ಅವನೊಬ್ಬನ್ನ ನೀನಿಟ್ಕೊ ತಾಯಿ,” ಎಂದರು ಆಮೇಲೆ.

“ಬೇಡ. ನಿಮ್ಮ ಸೈನ್ಯ ಕತ್ತಲಲ್ಲಿ ಕೂರ್ಬೇಕಾಗುತ್ತೆ.”

ಅವಳು ಕರವಸ್ತ್ರದಿಂದ ಗಾಜನ್ನು ಎರಡೂ ಕಡೆ ಒರೆಸಿದಳು. ಪಟ್ಟಿ ಅವನ ತಲೆಯ ಅಳತೆಗೇ ನಿಂತಿತ್ತು. ಅದನ್ನು ಎರಡು ತೂತು ಸಡಿಲಿಸಿ, ಭೂತಗನ್ನಡಿಯನ್ನು ಮಾಮನ ಕೈಗಿಟ್ಟಳು.