ಕೆಂಪು ಬೊಟ್ಟಿನ ಲೋಟ

ಕೋಲ್ಕತ್ತದ ಬಾಲಿಗಂಜ್‌ನ ಆ ಮನೆಯಲ್ಲಿ ಸೊಸೆ ಸುಗುಣಾಳ ಲೋಟಕ್ಕೊಂದು ಗುರುತಿತ್ತು. ಮಗ ಸುಧೀರ್ ತೀರಿಕೊಂಡ ತಿಂಗಳಲ್ಲೇ ರಾಜೀವಿಯಮ್ಮ ಮಗಳು ನವ್ಯಾಳ ಉಗುರುಬಣ್ಣದಿಂದ ಅದರ ತಳಕ್ಕೆ ಕೆಂಪು ಬೊಟ್ಟಿಟ್ಟಿದ್ದರು. ಅಂದಿನಿಂದ ಅವರಿಗೇ ನೆಮ್ಮದಿಯಿಲ್ಲ. ಲೋಟ ಎಲ್ಲಿ ಅದಲುಬದಲಾಯಿತೋ, ಸುಗುಣಾ ಒಗ್ಗರಣೆಯ ಮೇಲೆ ಕೆಮ್ಮಿದಳೋ, ಸೊಳ್ಳೆ ಅವಳನ್ನು ಕಚ್ಚಿ ತಮ್ಮತ್ತ ಬಂತೋ ಎಂದು ಎಲ್ಲದರ ಮೇಲೂ ಕಣ್ಣು. ಕೋಲ್ಕತ್ತದ ಸೊಳ್ಳೆಗಳನ್ನು ಒಬ್ಬ ಹೆಂಗಸು ಕಾಯುವುದೆಂದರೆ ಸಾಮಾನ್ಯ ಕೆಲಸವಲ್ಲ.

ಅವರು ಸಂಶಯಪಡದೆ ನಂಬಿದ್ದು ಜಾತಕವೊಂದನ್ನೇ. ನವ್ಯಾಳಿಗೆ ಬ್ಯಾಂಕಿನ ಹುಡುಗ ಶಶಾಂಕನ ಸಂಬಂಧ ಬಂದಿತ್ತು.

"ಮೂವತ್ತಾರಕ್ಕೆ ಮೂವತ್ತು ಗುಣ ಉಂಟು. ಇನ್ನೆಂತ ಬೇಕು?" ಎಂದರು ಗಂಡ ಶೀನಪ್ಪ, ತಮ್ಮ ಹೋಟೆಲಿಗೆ ಹೊರಡುತ್ತ.

"ರಕ್ತ ಪರೀಕ್ಷೆ ಮಾಡಿಸಿ ಮಾವ. ಇಬ್ಬರದ್ದೂ," ಎಂದಳು ಬಾಗಿಲಲ್ಲಿ ನಿಂತ ಸುಗುಣಾ.

"ಗಂಡಿನವರ ಹತ್ರ ರಕ್ತ ಕೇಳುದಾ? ನಾವೆಂತ ಜಿಗಣೆಗಳಾ?" ರಾಜೀವಿಯಮ್ಮ ಸಿಡಿದರು. "ನನ್ನ ಮಗನನ್ನು ತಿಂದದ್ದು ಸಾಲದಾ? ಎಲ್ಲಿಂದ ತಂದಿಯೋ ಆ ರೋಗ!"

ಸುಗುಣಾ ಸ್ವರ ಏರಿಸಲಿಲ್ಲ. "ನಮಗೆ ಮೂವತ್ತೆರಡು ಗುಣ ಬಂದಿತ್ತು ಅತ್ತೆ. ಮೊನ್ನೆ ನನ್ನ ಧಾರೆ ಸೀರೆ ತೆಗೀಲಿಕ್ಕೆ ನೀವೇ ಕಪಾಟಿನ ಕೀಲಿಕೈ ಕೊಟ್ರಲ್ಲ? ಆ ಸೀರೆಯ ಅಡಿಯಲ್ಲಿ ನಿಮ್ಮ ಮಗನ ರಕ್ತದ ರಿಪೋರ್ಟ್ ಉಂಟು. ಮದುವೆಗೆ ಎಂಟು ತಿಂಗಳು ಮೊದಲಿನದ್ದು."

ರಾಜೀವಿಯಮ್ಮನ ಕೈ ಸೊಂಟದ ಕೀಲಿಕೈಗೆ ಹೋಯಿತು. "ಮದುವೆ ಆದ್ರೆ ಎಲ್ಲ ಸರಿಹೋಗ್ತದೆ ಅಂತ ದೊಡ್ಡವರು ಹೇಳಿದ್ರು..."

"ಮದುವೆಯಿಂದ ಎಚ್‌ಐವಿ ಹೋಗುದಿಲ್ಲ, ಹರಡ್ತದೆ. ಗಂಡಹೆಂಡಿರ ಕೂಟದಲ್ಲಿ, ರಕ್ತದಲ್ಲಿ, ತಾಯಿಯಿಂದ ಮಗುವಿಗೆ. ಲೋಟದಿಂದ ಅಲ್ಲ, ಸೊಳ್ಳೆಯಿಂದಲೂ ಅಲ್ಲ. ರೋಗ ತಡೆಯುವ ಶಕ್ತಿಯನ್ನೇ ಅದು ಒಳಗಿಂದ ತಿನ್ತದೆ. ಆಮೇಲೆ ಕ್ಷಯ ಬಂದು ಕೊಂಡುಹೋಯ್ತು ಅವರನ್ನು. ಗುಟ್ಟು ಹೊರಬೀಳ್ತದೆ ಅಂತ ನೀವು ಮಾತ್ರೆ ತರಿಸಲಿಲ್ಲ. ನಾನು ದಿನಾ ನುಂಗ್ತೇನೆ, ಬದುಕಿದ್ದೇನೆ."

ಶೀನಪ್ಪ ಒಂದೇ ಚಪ್ಪಲಿ ಹಾಕಿಕೊಂಡು ನಿಂತುಬಿಟ್ಟರು.

"ಅಮ್ಮಾ, ನಿಂಗೆ ಗೊತ್ತಿತ್ತಾ?" ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ನವ್ಯಾ ಮುಂದೆ ಬಂದಳು. "ಗೊತ್ತಿದ್ದೂ ಅತ್ತಿಗೆಯನ್ನು ತಂದದ್ದಾ?"

"ಮರ್ಯಾದೆ ಅಂತ ಒಂದು ಉಂಟಲ್ಲ ಮಗಾ."

ನವ್ಯಾ ಒಳಗೆ ಹೋಗಿ ಉಗುರುಬಣ್ಣದ ಶೀಶೆ ತಂದಳು. ದೇವರ ಮುಂದೆ ಅರಿಶಿನ ಹಚ್ಚಿ ಇಟ್ಟಿದ್ದ ಜಾತಕದ ಮೇಲೆ, ಮೂವತ್ತು ಎಂದು ಬರೆದಲ್ಲಿಯೇ, ಕೆಂಪು ಬೊಟ್ಟಿಟ್ಟಳು.

"ಬೇರೆ ಇಡ್ಬೇಕಾದ್ದು ಅತ್ತಿಗೆಯ ಲೋಟವನ್ನಲ್ಲ, ಇದನ್ನು," ಎಂದಳು. "ಶಶಾಂಕನಿಗೆ ನಾನೇ ಫೋನ್ ಮಾಡ್ತೇನೆ. ಮೊದಲು ನನ್ನ ರಿಪೋರ್ಟ್, ಆಮೇಲೆ ಅವನದ್ದು. ಇಲ್ಲಾಂದ್ರೆ ಶಾದಿ ಕ್ಯಾನ್ಸಲ್."