ನಾಲ್ಕು ಬೆರಳು ನೀರು

ನನ್ನನ್ನು ಕಳ್ಳಿ ಮಾಡಿದ್ದು ನನ್ನದೇ ಬಾಯಿ. ಅದೊಂದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆ ಯಾವುದನ್ನೂ ಒಪ್ಪಿಕೊಳ್ಳುವುದಿಲ್ಲ.

ನಾನು ಊರಿನ ದೊಡ್ಡ ಉದ್ಯಾನದಲ್ಲಿ ಮೆಕ್ಯಾನಿಕ್. ನಾಲ್ಕು ಹುಲ್ಲು ಕತ್ತರಿಸುವ ಯಂತ್ರ, ಎರಡು ನೀರಿನ ಪಂಪು, ಮರ ಕೊಯ್ಯುವ ಒಂದು ಗರಗಸ, ಇವೆಲ್ಲ ಪೆಟ್ರೋಲು ಕುಡಿದು ಬದುಕುವ ಜೀವಗಳು. ಹದಿನಾಲ್ಕು ವರ್ಷದಿಂದ ಇವುಗಳ ಕೆಮ್ಮು, ನೆಗಡಿ, ಮುನಿಸು ಎಲ್ಲ ನೋಡಿಕೊಳ್ಳುತ್ತಿರುವವಳು ನಾನೇ. ಜೊತೆಯವರು ನನ್ನನ್ನು ನಟ್ಟಕ್ಕ ಅನ್ನುತ್ತಾರೆ. ಮೊದಲು ಗೇಲಿಗೆ ಇಟ್ಟ ಹೆಸರು, ಈಗ ಅದೇ ಗಟ್ಟಿಯಾಗಿದೆ.

ಎರಡು ತಿಂಗಳು ಸುರಿದ ಮಳೆ ನಿಂತು ಹುಲ್ಲು ಮೊಣಕಾಲಿಗೆ ಬಂದಿತ್ತು. ಆ ಬೆಳಿಗ್ಗೆ ಕ್ಯಾನಿನಿಂದ ಪೆಟ್ರೋಲು ಹಾಕಿ ಮೊದಲನೆಯ ಯಂತ್ರದ ಹಗ್ಗ ಎಳೆದೆ. ಎರಡು ಸಲ ಕೆಮ್ಮಿ ಸುಮ್ಮನಾಯಿತು. ಎರಡನೆಯದೂ ಹಾಗೇ. ಮೂರನೆಯದು ಕೆಮ್ಮಲೂ ಇಲ್ಲ. ಕಾರ್ಬೊರೇಟರ್ ಬಿಚ್ಚಿ, ಅದರ ಬಟ್ಟಲಿನಲ್ಲಿ ಇದ್ದದ್ದನ್ನು ಗಾಜಿನ ಶೀಶೆಗೆ ಸುರಿದೆ. ಮೇಲೆ ಹಳದಿ, ಕೆಳಗೆ ತಿಳಿ, ನಡುವೆ ಸ್ಕೇಲ್ ಇಟ್ಟು ಎಳೆದ ಹಾಗೆ ಒಂದು ಗೆರೆ. ಸುತ್ತ ಹತ್ತು ಜನ ಕೆಲಸದವರು ನಿಂತಿದ್ದರು. ನಾನು ಶೀಶೆ ಎತ್ತಿ ಹಿಡಿದು, ಏನೋ ಕಂಡುಹಿಡಿದವಳ ಗತ್ತಿನಲ್ಲಿ, ಪೆಟ್ರೋಲಿಗೆ ನೀರು ಸೇರಿದೆ ಅಂತ ಗಟ್ಟಿಯಾಗಿ ಸಾರಿದೆ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇದಕ್ಕೇ.

ನಮ್ಮ ಮೇಲ್ವಿಚಾರಕನನ್ನು ಬೆನ್ನ ಹಿಂದೆ ಎಲ್ಲರೂ ಹಾಜರಿ ಎಂದೇ ಕರೆಯುತ್ತಾರೆ. ಹಾಜರಿ ಪುಸ್ತಕ ಅವನ ಕಂಕುಳು ಬಿಟ್ಟು ಇಳಿದದ್ದನ್ನು ಯಾರೂ ಕಂಡಿಲ್ಲ. ಅವನು ಇಪ್ಪತ್ತು ಲೀಟರಿನ ಬಿಳಿ ಕ್ಯಾನನ್ನು ಬಿಸಿಲಿಗೆ ತರಿಸಿದ. ಪ್ಲಾಸ್ಟಿಕ್ಕಿನ ಮೂಲಕ ಗೆರೆ ಚೆನ್ನಾಗಿಯೇ ಕಾಣುತ್ತಿತ್ತು. ಬಗ್ಗಿ, ತಳದಿಂದ ಬೆರಳು ಇಟ್ಟು ಅಳೆದ. ನಾಲ್ಕು ಬೆರಳು.

"ಇದರ ಬೀಗದ ಕೈ ಯಾರ ಹತ್ರ ಇರುತ್ತೆ?"

"ನನ್ನ ಹತ್ರ."

"ನಾಲ್ಕು ಬೆರಳು ನೀರು ಒಳಗೆ ಬಂದಿದೆ ಅಂದ್ರೆ, ನಾಲ್ಕು ಬೆರಳು ಪೆಟ್ರೋಲು ಹೊರಗೆ ಹೋಗಿದೆ." ಆಮೇಲೆ ಉಳಿದವರ ಕಡೆ ತಿರುಗಿದ. "ನಿಮ್ಮ ನಿಮ್ಮ ಚೀಲ ಜೋಪಾನ ಮಾಡ್ಕೊಳ್ಳಿ. ನಮ್ಮಲ್ಲೇ ಒಬ್ಬಳು ಕಳ್ಳಿ ಇದ್ದಾಳೆ."

ಹತ್ತು ಜನರೂ ಒಟ್ಟಿಗೆ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. 

ಆ ಕ್ಯಾನು ಮೊದಲೆಲ್ಲ ಯಂತ್ರಗಳ ಪಕ್ಕದ ಗಟ್ಟಿ ಚಾವಣಿಯ ಕೋಣೆಯಲ್ಲೇ ಇರುತ್ತಿತ್ತು. ಮಳೆಗೆ ಮುಂಚೆ ಹಾಜರಿ ಹೊಸ ಮೋಟಾರ್ ಸೈಕಲ್ ಕೊಂಡ. ಕೆಂಪು ಬಣ್ಣದ್ದು. ಅದರ ಮೇಲೆ ಹನಿ ಬಿದ್ದರೆ ಅವನ ಮೈಮೇಲೆ ಬಿದ್ದಷ್ಟು ಸಂಕಟ. ಹಾಗಾಗಿ ಬೈಕು ಕೋಣೆಯೊಳಗೆ ಬಂತು, ಪೆಟ್ರೋಲು ಹಿಂಬದಿಯ ತಗಡಿನ ಮಾಡಿನ ಕೆಳಗೆ ಹೋಯಿತು. ಆ ತಗಡು ತೂತು ಬಿದ್ದಿದೆ ಅಂತ ನಾನು ಅಂದೇ ಹೇಳಿದ್ದೆ. ಪ್ಲಾಸ್ಟಿಕ್ ಕ್ಯಾನಿಗೆ ನೆಗಡಿ ಆಗುತ್ತಾ ನಟ್ಟಕ್ಕ ಅಂತ ಅವನು ಕೇಳಿದ್ದಕ್ಕೆ ಎಲ್ಲರೂ ನಕ್ಕಿದ್ದರು. ನಾನೂ ನಕ್ಕಿದ್ದೆ. ಆ ನಗು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅದನ್ನೆಲ್ಲ ಅವನಿಗೆ ಮತ್ತೆ ನೆನಪಿಸಿದೆ. ಅವನು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದ. ಮುಚ್ಚಳ ಬಿಗಿದು ಬೀಗ ಹಾಕಿದ ಕ್ಯಾನಿನೊಳಗೆ, ತೊಟ್ಟಿಕ್ಕುವ ಹನಿಯಿಂದ ನಾಲ್ಕು ಬೆರಳು ನೀರು ಇಳಿಯುವುದು ಸಾಧ್ಯವೇ ಎಂದ. ಸಾಧ್ಯವಿಲ್ಲ. ಒಂದು ಬೆರಳು ಅಂದಿದ್ದರೆ ಒಪ್ಪಬಹುದಿತ್ತು. ನಾಲ್ಕು ಬೆರಳು ಅಂದರೆ ಯಾರೋ ಕೊಡ ಎತ್ತಿ ಸುರಿದಿರಬೇಕು. ಮೆಕ್ಯಾನಿಕ್ ಆಗಿ ನನಗೇ ಆ ಲೆಕ್ಕ ಕೂಡಿಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಟೈಪ್ ಮಾಡಿದ ಕಾಗದ ಕೈಗೆ ಬಂತು. ನನ್ನಿಂದ ತಪ್ಪಾಗಿದೆ, ಕ್ಷಮಿಸಬೇಕು, ಮುಂದೆ ಹೀಗಾಗುವುದಿಲ್ಲ. ಶುಕ್ರವಾರ ಉದ್ಯಾನದ ಅಧಿಕಾರಿ ಮೇಡಂ ಎದುರು ಇದಕ್ಕೆ ಸಹಿ ಹಾಕಬೇಕು. ಹಾಕಿದರೆ ಯಂತ್ರದ ಕೋಣೆಯಿಂದ ಎತ್ತಿ ಕೈಗೆ ಪೊರಕೆ ಕೊಡುತ್ತಾರೆ. ಹಾಕದಿದ್ದರೆ ಗೇಟಿನ ಹೊರಗೆ.

ನನ್ನ ಗಂಡ ಲಾರಿ ಓಡಿಸುತ್ತಾನೆ, ಹದಿನೈದು ದಿನಕ್ಕೊಮ್ಮೆ ಮುಖ ತೋರಿಸುತ್ತಾನೆ. ಮನೆಯಲ್ಲಿ ಇರುವವರು ನಾನು ಮತ್ತು ಅತ್ತೆ. ಉಪ್ಪಿನಿಂದ ಹಿಡಿದು ಕಿಟಕಿಯ ಪರದೆಯವರೆಗೆ ನಮ್ಮಿಬ್ಬರಿಗೂ ಜಗಳ ಆಗದ ವಸ್ತು ಆ ಎರಡು ಕೋಣೆಗಳಲ್ಲಿಲ್ಲ. ಅತ್ತೆ ಕನ್ನಡಕ ಹಾಕಿಕೊಂಡು ಕಾಗದವನ್ನು ಎರಡು ಸಲ ಓದಿದರು. ಮಡಿಸಿ ನನ್ನ ಕೈಗೆ ಕೊಟ್ಟರು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋಕೆ ಹೋಗಬೇಡ. ಇದಕ್ಕೆ ಸಹಿ ಹಾಕಿ ಬಂದ್ಯೋ, ಬಾಗಿಲು ತೆಗೆಯಲ್ಲ ನಾನು."

ಮದುವೆಯಾದಾಗಿನಿಂದ ನಾವಿಬ್ಬರೂ ಒಂದು ಮಾತಿಗೆ ಹೂಂ ಅಂದದ್ದು ಅದೇ ಮೊದಲು.

ಮರುದಿನ ಸಂಜೆ ಸೋದರಮಾವನ ಅಂಗಡಿಗೆ ಹೋದೆ. ಅವನದು ಬೈಕ್ ರಿಪೇರಿ. ನನಗೆ ಸ್ಪ್ಯಾನರ್ ಹಿಡಿಯುವುದು ಕಲಿಸಿದವನೇ ಅವನು. ಕ್ಯಾನಿನ ತಳದ ನೀರನ್ನು ಎಲ್ಲರ ಕಣ್ಣೆದುರೇ ಪೈಪು ಹಾಕಿ ಎಳೆದು ಒಂದು ಬಾಟಲಿಯಲ್ಲಿ ಒಯ್ದಿದ್ದೆ. ಮಾವ ಬಾಟಲಿಯ ಕಡೆ ತಿರುಗಿಯೂ ನೋಡಲಿಲ್ಲ. ದೊಡ್ಡವರ ಜೊತೆ ಗುದ್ದಾಡಿ ಗೆದ್ದವರಿಲ್ಲ, ಸಹಿ ಹಾಕಿ ಬಿಸಾಕು, ಬಂದು ನನ್ನ ಅಂಗಡಿ ಸೇರಿಕೋ ಎಂದ. ಹಾಗೆನ್ನುತ್ತ ಹಳೆಯ ಬೈಕೊಂದರ ಪೆಟ್ರೋಲು ಪೈಪು ಕಿತ್ತ. ರಬ್ಬರು ಊದಿಕೊಂಡು, ಉಗುರು ತಾಗಿದರೆ ಕಿತ್ತುಬರುವಷ್ಟು ಮೆತ್ತಗಾಗಿತ್ತು. ಕಾರ್ಬೊರೇಟರಿನ ಹಿತ್ತಾಳೆ ಭಾಗಗಳಿಗೆ ಹಸಿರು ಕಿಲುಬು. ಹೊಸ ಪೆಟ್ರೋಲು ಬಂದ ಮೇಲೆ ಇಂಥವು ದಿನಕ್ಕೆ ಮೂರಾದರೂ ಬರುತ್ತವಂತೆ. ಇದಕ್ಕೆಂದೇ ತಯಾರಾದ ಹೊಸ ಗಾಡಿಗಳು ತಡೆದುಕೊಳ್ಳುತ್ತವೆ, ದಿನಾ ಓಡುವ ಗಾಡಿಗೂ ಅಷ್ಟು ಕಷ್ಟವಿಲ್ಲ, ಕಾಟವೆಲ್ಲ ಹಳೆಯದಕ್ಕೆ, ತಿಂಗಳುಗಟ್ಟಲೆ ನಿಂತದ್ದಕ್ಕೆ ಎಂದು ಅವನು ಗೊಣಗುತ್ತಿದ್ದ.

ಸುಮ್ಮನೆ ಕೂರಲಾರದೆ ಆ ಹಿತ್ತಾಳೆಯ ಚೂರೊಂದನ್ನು ನನ್ನ ಬಾಟಲಿಯ ನೀರಿನಲ್ಲೇ ತೊಳೆದೆ. ಬೆರಳು ಜುಮ್ಮೆಂದು ತಣ್ಣಗಾದವು. ಒರೆಸಿಕೊಳ್ಳಲು ಬಟ್ಟೆ ಹುಡುಕುವಷ್ಟರಲ್ಲಿ ಒಣಗಿಯೂ ಹೋಗಿದ್ದವು. ನೀರು ಹೀಗೆ ಕೈಬಿಟ್ಟು ಓಡುವುದಿಲ್ಲ. ಅಂಗೈಗೆ ಇನ್ನಷ್ಟು ಸುರಿದುಕೊಂಡೆ. ಮತ್ತೆ ಅದೇ ತಂಪು, ಮತ್ತೆ ಅದೇ ಓಟ.

"ಮಾವಾ, ಹೊಸ ಪೆಟ್ರೋಲಿಗೆ ಏನು ಬೆರೆಸಿರ್ತಾರೆ?"

"ಸ್ಪಿರಿಟ್ಟು. ಐದು ಲೋಟದಲ್ಲಿ ಒಂದು ಲೋಟ ಅದೇ. ಬಂಕಲ್ಲಿ ಬೋರ್ಡೇ ಹಾಕಿದ್ದಾರಲ್ಲ."

"ಅದಕ್ಕೆ ನೀರು ಬಿದ್ರೆ?"

ಮಾವ ಪೈಪು ಕೆಳಗಿಟ್ಟ. ಪೆಟ್ರೋಲಿಗೂ ನೀರಿಗೂ ಎಂದೂ ಆಗಿಬರುವುದಿಲ್ಲ, ಸ್ಪಿರಿಟ್ಟು ಮಾತ್ರ ಇಬ್ಬರಿಗೂ ನೆಂಟ. ನೀರು ಒಂದಿಷ್ಟು ಹೆಚ್ಚಾಯಿತೋ, ಅದು ಪೆಟ್ರೋಲನ್ನು ಬಿಟ್ಟು ನೀರಿನ ಕೈಹಿಡಿದು ತಳಕ್ಕೆ ಇಳಿಯುತ್ತದೆ. ಹಾಗಾದರೆ ತಳದಲ್ಲಿರುವುದೆಲ್ಲ ನೀರಲ್ಲ. ನಾವಿಬ್ಬರೂ ಒಂದೇ ಸಲಕ್ಕೆ ಖಾಲಿ ಬಾಟಲಿಗೆ ಕೈ ಹಾಕಿದೆವು. ಸಮನಾಗಿ ಗೆರೆ ಎಳೆದ ಕಾಗದ ಅದಕ್ಕೆ ಅಂಟಿಸಿ, ಹೊಸ ಪೆಟ್ರೋಲು ತುಂಬಿ, ಒಂದು ಗೆರೆಯಷ್ಟು ನೀರು ಹನಿಸಿ, ಕುಲುಕಿ ಇಟ್ಟು ಕಾದೆವು. ತಳ ನಿಧಾನವಾಗಿ ತಿಳಿಯಾಯಿತು. ನಾಲ್ಕು ಗೆರೆ. ಮಾವ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ, ಸಹಿ ಹಾಕು ಅಂದದ್ದು ತನ್ನ ತಪ್ಪು, ಆ ಮಾತು ವಾಪಸು ಎಂದ.

ಶುಕ್ರವಾರ ಮೇಡಂ ಕಚೇರಿಯಲ್ಲಿ ಪೆನ್ನಿನ ಮುಚ್ಚಳ ತೆಗೆದೇ ಇಟ್ಟಿದ್ದರು. ನಾನು ಪೆನ್ನು ಮುಟ್ಟಲಿಲ್ಲ. ಸಹಿ ಹಾಕುವುದಿಲ್ಲ, ಹತ್ತು ನಿಮಿಷ ಅಂಗಳಕ್ಕೆ ಬನ್ನಿ ಎಂದೆ. ಹಾಜರಿ ನಕ್ಕ. ಆದರೆ ಮೇಡಂ ಎದ್ದು ಬಂದರು. ಅವರದು ಕೋಪದ ಮುಖವೇನಲ್ಲ, ಬೇಗ ಮುಗಿದರೆ ಸಾಕು ಅನ್ನುವ ಮುಖ.

ನಾನೇ ಏನೋ ಬೆರೆಸಿದೆ ಅಂತ ನಾಳೆ ಯಾರೂ ಅನ್ನಬಾರದಲ್ಲ. ಅದಕ್ಕೆ ಪೆಟ್ರೋಲನ್ನು ಹಾಜರಿಯೇ ಬಂಕಿಗೆ ಹೋಗಿ ತರಲಿ ಎಂದೆ. ಅದೇ ಕೆಂಪು ಬೈಕಿನಲ್ಲಿ ಹೋಗಿ ತಂದ. ಅದನ್ನು ಗಾಜಿನ ಬಾಟಲಿಗೆ ತುಂಬಿದೆ. ನೀರನ್ನು ಮೇಡಂ ತಮ್ಮ ಲೋಟದಿಂದ ತಾವೇ ಹಾಕಿದರು, ಬಾಟಲಿಗೆ ನಾನು ಅಂಟಿಸಿದ್ದ ಗೆರೆ ಕಾಗದದ ಮೇಲೆ ಸರಿಯಾಗಿ ಒಂದು ಗೆರೆ ಏರುವಷ್ಟು. ಕುಲುಕಿ ಕಲ್ಲಿನ ಮೇಲಿಟ್ಟೆ. ಹತ್ತೂ ಜನ ಕೆಲಸ ಬಿಟ್ಟು ಬಂದು ನಿಂತಿದ್ದರು. ಗೆರೆ ಒಂದಾಯಿತು, ಎರಡಾಯಿತು, ನಾಲ್ಕಕ್ಕೆ ಬಂದು ನಿಂತಿತು. ಮೇಡಂ ಬಗ್ಗಿ ಎರಡು ಸಲ ಎಣಿಸಿದರು.

ಆಮೇಲೆ ಎಲ್ಲರನ್ನೂ ದೂರ ಸರಿಸಿ, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡು, ಕ್ಯಾನಿನ ತಳದಿಂದ ತೆಗೆದದ್ದನ್ನು ಒಂದು ಸ್ಟೀಲ್ ಮುಚ್ಚಳಕ್ಕೆ ಸ್ವಲ್ಪವೇ ಸುರಿದೆ. ಕಡ್ಡಿ ಗೀರಿ ಹಿಡಿದೆ. ಬಿಸಿಲಿನಲ್ಲಿ ಏನೂ ಕಾಣಲಿಲ್ಲ.

"ಹೊತ್ತಿಕೊಳ್ಳಲಿಲ್ಲ. ನೀರೇ ಅಲ್ವಾ ಮತ್ತೆ?" ಅಂದ ಹಾಜರಿ.

ನಾನು ಜೇಬಿನಿಂದ ಅವನ ಆ ಕಾಗದ ತೆಗೆದೆ. ಸ್ಪಿರಿಟ್ಟಿನ ಉರಿ ಬಿಸಿಲಿಗೆ ಕಣ್ಣಿಗೆ ಕಾಣುವುದಿಲ್ಲ. ಕಾಗದದ ಅಂಚನ್ನು ಮುಚ್ಚಳದ ಮೇಲೆ ಹಿಡಿದೆ. ತಪ್ಪಾಗಿದೆ, ಕ್ಷಮಿಸಬೇಕು ಎಂಬಲ್ಲಿಯವರೆಗೆ ಒಂದೇ ಉಸಿರಿಗೆ ಉರಿದುಹೋಯಿತು. ಉಳಿದದ್ದನ್ನು ಮರಳಿಗೆ ತುರುಕಿದೆ. ಹೌದು, ಆ ಕ್ಷಣ ನನಗೆ ಬಹಳ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

"ನಾಲ್ಕು ಬೆರಳೂ ನೀರೇ ಆಗಿದ್ರೆ ಹೀಗೆ ಉರೀತಿತ್ತಾ ಮೇಡಂ?"

ಹಾಜರಿ ಸೋಲಲು ಬಂದವನಲ್ಲ. ಹಾಗಾದರೆ ಆ ಒಂದು ಬೆರಳು ನೀರನ್ನು ಇವಳೇ ಹಾಕಿರಬಹುದಲ್ಲ ಎಂದ. ನಾನು ಕ್ಯಾನು ಎತ್ತಿಕೊಂಡು ಹಿಂಬದಿಯ ಮಾಡಿಗೆ ನಡೆದೆ, ಎಲ್ಲರೂ ಹಿಂದೆ ಬಂದರು. ತಗಡಿನ ತೂತಿನಿಂದ ಬಿಸಿಲಿನ ಚುಕ್ಕೆಯೊಂದು ಕೆಳಗೆ ಬಿದ್ದಿತ್ತು, ಕ್ಯಾನು ಇಟ್ಟಿದ್ದ ಗುರುತಿನ ನಟ್ಟನಡುವೆ. ಕ್ಯಾನಿನ ಮುಚ್ಚಳ ತಿರುಗಿಸಿ ತೋರಿಸಿದೆ. ಒಳಗಿನ ರಬ್ಬರು ಉಂಗುರ ಊದಿ, ತನ್ನ ಜಾಗ ಬಿಟ್ಟು ಹೊರಗೆ ಇಣುಕುತ್ತಿತ್ತು. ನೀರಿಗೆ ದಾರಿ ಬಿಟ್ಟದ್ದೂ ಆ ಸ್ಪಿರಿಟ್ಟಿನ ಪೆಟ್ರೋಲೇ.

"ಇದನ್ನ ಇಲ್ಲಿ ತಂದಿಟ್ಟಿದ್ದು ಯಾರು?" ಮೇಡಂ ಕೇಳಿದರು.

ಎಲ್ಲರೂ ಮತ್ತೆ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಹದಿನಾಲ್ಕು ವರ್ಷ ಜೊತೆಯಲ್ಲಿ ಕೂತು ಉಂಡವರು ಇವರೇನಾ ಅನ್ನಿಸಿತು. ಕೊನೆಗೆ ಬೇಲಿ ಗಿಡ ಕತ್ತರಿಸುವ ಮುದುಕ ಮುಂದೆ ಬಂದ.

"ನಾನೇ ಹೊತ್ತು ತಂದಿದ್ದು ಮೇಡಂ. ಬೈಕು ನೆನೆಯುತ್ತೆ, ಇದನ್ನ ಆಚೆ ಇಡು ಅಂತ ಸಾರ್ ಹೇಳಿದ್ರು. ನಟ್ಟಕ್ಕ ಆಗಲೇ ಬೇಡ ಅಂದಿತ್ತು. ಅವತ್ತು ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ."

ಮೇಡಂ ಹಾಜರಿಯ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ತಪ್ಪು ತಿಳುವಳಿಕೆಯಿಂದ ಆದದ್ದು, ಈ ವಿಷಯ ಇಲ್ಲಿಗೆ ಮುಗಿಯಿತು, ಬೀಗದ ಕೈ ನಿಮ್ಮ ಹತ್ತಿರವೇ ಇರಲಿ, ಕೆಲಸಕ್ಕೆ ಹೋಗಿ ಎಂದರು. ಎಲ್ಲರ ಭುಜವೂ ಸಡಿಲವಾಯಿತು. ಹಾಜರಿ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಡಲು ತಿರುಗಿದ.

ನಾನು ನಿಂತಲ್ಲೇ ನಿಂತೆ.

"ಮುಗಿದಿಲ್ಲ ಮೇಡಂ. ನನ್ನನ್ನ ಕಳ್ಳಿ ಅಂದಿದ್ದು ಫೈಲಿನಲ್ಲಲ್ಲ, ಈ ಹತ್ತು ಜನರ ಎದುರಿಗೆ. ಅಲ್ಲ ಅನ್ನೋದನ್ನೂ ಇವರ ಎದುರಿಗೇ ಹೇಳಲಿ."

ಮೇಡಂ, ಅಷ್ಟೆಲ್ಲ ಬೇಕಾ, ಇನ್ನು ಮುಂದೆಯೂ ಒಟ್ಟಿಗೆ ಕೆಲಸ ಮಾಡಬೇಕಾದವರಲ್ಲವೇ ಎಂದರು. ಅದಕ್ಕೇ ಬೇಕು ಎಂದೆ. ಕೆಲಸ ಹೋದರೆ ಹೋಗಲಿ ಅನ್ನುವ ಧೈರ್ಯವೇನೂ ಇರಲಿಲ್ಲ. ಕೆಲಸ ನನಗೆ ಬೇಕೇ ಬೇಕಿತ್ತು. ಆದರೆ ಅದು ನನ್ನದೇ ಹೆಸರಿನಲ್ಲಿ ಬೇಕಿತ್ತು.

ಬೇರೆ ದಾರಿ ಕಾಣದೆ ಹಾಜರಿ ಹಿಂದಿರುಗಿದ. ಅಂಗಿಯ ಗುಂಡಿಯನ್ನು ನೋಡಿಕೊಳ್ಳುತ್ತ, ತುಟಿಯೊಳಗೇ ಏನೋ ಅಂದ. ಹತ್ತಿರ ನಿಂತಿದ್ದ ನನಗೆ ಪೂರ್ತಿಯಾಗಿಯೇ ಕೇಳಿಸಿತು. ಇವಳು ಕದ್ದಿಲ್ಲ, ತಪ್ಪು ನನ್ನದು ಅಂದಿದ್ದ.

"ಹಿಂದೆ ನಿಂತೋರಿಗೆ ಕೇಳಿಸಲಿಲ್ಲ," ಅಂದೆ ನಾನು.